ಮನೆತನದ ಲಾಂಛನ ಕೆತ್ತೋದಕ್ಕೆ ಮುಂಚೆ: ಗಂಡಭೇರುಂಡದ ಮಾದರಿ ಇಟ್ಟುಕೊಂಡವರಿಗೆ

ಸರ್, ಹೊಸ ಮನೆಯ ಬಾಗಿಲ ಮೇಲೆ ಎರಡಡಿ ಅಗಲದ ತೇಗದ ಹಲಗೆಯಲ್ಲಿ ಮನೆತನದ ಲಾಂಛನ ಕೆತ್ತಬೇಕು, ಮೈಸೂರು ಒಡೆಯರದ್ದೇ ಮಾದರಿ, ಅದರಲ್ಲಿ ಯಾವುದಕ್ಕೆ ಏನರ್ಥ, ಯಾವುದನ್ನು ಇಟ್ಟುಕೊಳ್ಳಲಿ ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಗಂಡಭೇರುಂಡ (ಎರಡು ತಲೆಯ ಹಕ್ಕಿ), ಎರಡು ಆನೆ, ನಾಲ್ಕು ಸಿಂಹದ ತಲೆ, ಸೂರ್ಯ ಚಂದ್ರ, ಮನೆದೇವರು, ಅಜ್ಜನ ಗಾಣ, ಮನೆ ಹೆಸರು ಎಲ್ಲಾ ಇದೆ. ಇಷ್ಟೂ ಹಾಕಿದರೆ ಜಾತ್ರೆಯ ತೇರು ಆಗುತ್ತೆ ಅಷ್ಟೇ.

ಒಡೆಯರ ಹತ್ತಿರ ಚಿಹ್ನೆಗಳಿಗೇನು ಬರ ಇರಲಿಲ್ಲ. ಅವರ ದಾನಪತ್ರಗಳಲ್ಲಿ ಬರುವ ಬಿರುದಿನ ಸಾಲು ಓದಿ: ಶಂಖ, ಚಕ್ರ, ಅಂಕುಶ, ಕುಠಾರ, ಮಕರ, ಮತ್ಸ್ಯ, ಶರಭ, ಸಾಲ್ವ, ಗಂಡಭೇರುಂಡ, ಧರಣೀವರಾಹ, ಹನುಮ, ಗರುಡ, ಕಂಠೀರವ. ಇಷ್ಟು ಇಟ್ಟುಕೊಂಡೂ ಲಾಂಛನದ ನಡುವೆ ಕೂರಿಸಿದ್ದು ಗಂಡಭೇರುಂಡ ಒಂದನ್ನೇ. ನೀವು ಒಂದನ್ನೇ ಆರಿಸುವ ಈ ರೀತಿಯನ್ನು ನಕಲು ಮಾಡಿ, ಹಕ್ಕಿಯನ್ನಲ್ಲ.

ಹಕ್ಕಿ ಒಡೆಯರಿಗಿಂತ ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇದೆ. ಅಲ್ಲಿ ಮೈ ಮನುಷ್ಯನದು, ತಲೆ ಮಾತ್ರ ಎರಡು ಹಕ್ಕಿಯದು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಒಂದು ಸಾಲು ಕೆತ್ತನೆ ಇದೆ, ಸಾಧ್ಯವಾದರೆ ಹೋಗಿ ನೋಡಿ. ಜಿಂಕೆಯನ್ನು ಹಾವು ಹಿಡಿದಿದೆ, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಅನ್ನೋ ಪುರಾಣದ ಮೃಗ, ಶರಭವನ್ನು ಗಂಡಭೇರುಂಡ. ಅಂದರೆ ಎಲ್ಲದರ ಮೇಲಿನ ಬಲ. ಅದಕ್ಕೇ ರಾಜರಿಗೆ ಇದು ಇಷ್ಟ ಆಗಿದ್ದು. ವಿಜಯನಗರದ ಅಚ್ಯುತದೇವರಾಯನ ಚಿನ್ನದ ನಾಣ್ಯದಲ್ಲೂ ಇದೇ ಹಕ್ಕಿ, ಕೊಕ್ಕಲ್ಲೂ ಕಾಲಲ್ಲೂ ಆನೆಗಳು. ಬೆರಳ ಉಗುರಿನಷ್ಟು ನಾಣ್ಯ ಅದು, ಆದರೂ ಗುರುತು ಸಿಗುತ್ತೆ. ನಿಮ್ಮ ಚಿತ್ರಕ್ಕೂ ಇದೇ ಪರೀಕ್ಷೆ ಮಾಡಿ. ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕದಾಗಿ ಬರೆದು, ಮನೆಯ ಮಕ್ಕಳಿಗೆ ತೋರಿಸಿ ಏನು ಅಂತ ಕೇಳಿ.

ಒಡೆಯರ ಲಾಂಛನದಲ್ಲಿ ಹಕ್ಕಿಯ ಅಕ್ಕಪಕ್ಕ ಆನೆ ತಲೆ, ಸಿಂಹದ ಮೈ ಇರುವ ಪ್ರಾಣಿಗಳಿವೆ ಅಲ್ವಾ? ಕೆಲವರು ಶರಭ ಅಂತಾರೆ, ಕೆಲವರು ಗಜಕೇಸರಿ. ಹೀಗೆ ನಡುವೆ ಗುರಾಣಿ, ಎರಡು ಕಡೆ ಕಾವಲು, ಕೆಳಗೆ ಪಟ್ಟಿಯಲ್ಲಿ ಮಾತು ಇಡುವ ಜೋಡಣೆ ಯುರೋಪಿನದು. 1877ರ ದೆಹಲಿ ದರ್ಬಾರಿಗೆ ಅಂತ ಬಂಗಾಳದ ಸಿವಿಲ್ ಅಧಿಕಾರಿ ರಾಬರ್ಟ್ ಟೇಲರ್ ನಮ್ಮ ಹಲವು ಸಂಸ್ಥಾನಿಕರಿಗೆ ಇದೇ ಪದ್ಧತಿಯಲ್ಲಿ ಲಾಂಛನ ಬರೆದುಕೊಟ್ಟಿದ್ದ. ಒಡೆಯರ ಲಾಂಛನದ ಕೆಳಗಿನ ಪಟ್ಟಿಯಲ್ಲಿರುವ ‘ನ ಬಿಭೇತಿ ಕದಾಚನ’ವನ್ನು ಜಾಸ್ತಿ ಜನ ಯುದ್ಧದ ಘೋಷಣೆ ಅಂದುಕೊಂಡಿದ್ದಾರೆ. ಅದು ತೈತ್ತಿರೀಯ ಉಪನಿಷತ್ತಿನದು, ಬ್ರಹ್ಮಾನಂದವನ್ನು ತಿಳಿದವನು ಯಾವತ್ತೂ ಹೆದರಲ್ಲ ಅಂತ.

ಈಗ ನಿಮ್ಮ ಹಲಗೆಗೆ ಬರೋಣ. ನಾಲ್ಕು ಸಿಂಹದ ತಲೆ ಬೇಡವೇ ಬೇಡ. ಅದು ಸಾರನಾಥದ್ದು, ರಾಷ್ಟ್ರಲಾಂಛನ. 2005ರ ಕಾಯ್ದೆ ಪ್ರಕಾರ ನಾವು ನೀವು ಬಳಸೋ ಹಾಗಿಲ್ಲ. ಗಂಡಭೇರುಂಡದ ಮೇಲೆ ಅದನ್ನು ಕೂರಿಸಿದರೆ ನೋಡಿದವರಿಗೆ ಕರ್ನಾಟಕ ಸರ್ಕಾರದ ಮುದ್ರೆ ಅನಿಸುತ್ತೆ, ಸುಮ್ನೆ ತಲೆನೋವು. ಮನೆದೇವರು ದೇವರಮನೆಯಲ್ಲೇ ಇರಲಿ. ಹಕ್ಕಿಯನ್ನೂ ಬಿಡಿ ಅಂತ ನನ್ನ ಅಭಿಪ್ರಾಯ. ನಿಮ್ಮ ಪಟ್ಟಿಯಲ್ಲಿ ನಿಮ್ಮದೇ ಅನ್ನುವಂಥದ್ದು ಅಜ್ಜನ ಗಾಣ ಒಂದೇ. ಅದನ್ನು ನಡುವೆ ಇಡಿ: ಗಾಣದ ಕಲ್ಲು, ಅದರೊಳಗೆ ಓರೆಯಾಗಿ ನಿಂತ ಮರದ ದಿಂಡು. ಆನೆಗಳ ಜಾಗದಲ್ಲಿ ಎರಡು ಎತ್ತು. ಸೂರ್ಯ ಚಂದ್ರ ಬೇಕಿದ್ದರೆ ಮೇಲೆ ಚಿಕ್ಕದಾಗಿ ಬರಲಿ. ಹಳೇ ದಾನಶಾಸನದ ಕಲ್ಲುಗಳ ನೆತ್ತಿಯಲ್ಲಿ ಅವನ್ನು ಕೆತ್ತುತ್ತಿದ್ದದ್ದು ಅವು ಇರುವ ತನಕ ಈ ದಾನ ನಡೀಲಿ ಅಂತ, ಮನೆಗೂ ಒಪ್ಪುತ್ತೆ.

ಬಣ್ಣ ಹಚ್ಚಬೇಡಿ, ತೇಗಕ್ಕೆ ಎಣ್ಣೆ ಸಾಕು. ಮನೆಯವರು ಹಟ ಮಾಡಿದರೆ ಯುರೋಪಿನ ಲಾಂಛನಗಳ ಒಂದು ನಿಯಮ ಉಪಯೋಗಕ್ಕೆ ಬರುತ್ತೆ. ಹಳದಿ, ಬಿಳಿ ಒಂದು ಗುಂಪು (ಅವರ ಲೆಕ್ಕದಲ್ಲಿ ಚಿನ್ನ, ಬೆಳ್ಳಿ). ಕೆಂಪು, ನೀಲಿ, ಹಸಿರು, ಕಪ್ಪು ಇನ್ನೊಂದು. ಒಂದೇ ಗುಂಪಿನದನ್ನು ಒಂದರ ಮೇಲೊಂದು ಹಾಕೋ ಹಾಗಿಲ್ಲ, ದೂರದಿಂದ ಕಾಣಲ್ಲ. ನಮ್ಮ ರಾಜ್ಯದ ಲಾಂಛನದಲ್ಲಿ ಕೆಂಪಿನ ಮೇಲೆ ಬಿಳಿ ಹಕ್ಕಿ ಎದ್ದು ಕಾಣೋದು ನೋಡಿ.

ಕೆತ್ತುವಾಗ ಎತ್ತಿನ ಕೋಡಿನ ಬಗ್ಗೆ ಹುಷಾರು. ಹಲಗೆಯ ಎಳೆ ಅಡ್ಡಕ್ಕಿದ್ದು ಕೋಡು ನೆಟ್ಟಗೆ ಮೇಲೆದ್ದರೆ ಉಳಿ ತಾಗಿದ ಕೂಡಲೇ ತುದಿ ಹಾರಿಹೋಗುತ್ತೆ. ಕೋಡನ್ನು ಹಿಂದಕ್ಕೆ ಬಾಗಿಸಿ ಎಳೆಯ ಜೊತೆ ಹೋಗೋ ಹಾಗೆ ಬರೆದುಕೊಳ್ಳಿ, ಅದರ ಅಡಿಯ ಮರ ಕೊರೆದು ತೆಗೆಯಬೇಡಿ, ಹಿನ್ನೆಲೆಗೆ ಅಂಟಿಕೊಂಡೇ ಇರಲಿ. ಮನೆ ಹೆಸರಿನ ಅಕ್ಷರಗಳನ್ನು ಉಬ್ಬು ಮಾಡದೆ ಒಳಕ್ಕೇ ಕೊರೆಯಿರಿ. ಒತ್ತಕ್ಷರ ಇದ್ದರೆ ಪಟ್ಟಿಯನ್ನು ಮೊದಲೇ ಅಗಲ ಬಿಟ್ಟುಕೊಳ್ಳಿ, ಆಮೇಲೆ ಜಾಗ ಸಾಲಲ್ಲ.