ಗುಜರಿ ಬೀರುವಿಗೆ ಹೊಸ ಬಣ್ಣ

ಪ್ರಶ್ನೆ: ಗುಜರಿಯಿಂದ ಹಳೇ ಕಬ್ಬಿಣದ ಬೀರು ತಂದಿದ್ದೇನೆ. ತಳದಲ್ಲಿ ತುಕ್ಕು. ಪೇಂಟರ್ ಕೇಳುವ ಕೂಲಿ ಬೀರುವಿನ ಬೆಲೆಗಿಂತ ಜಾಸ್ತಿ! ನಾನೇ ಬಣ್ಣ ಹಚ್ಚಬಹುದಾ?
– ಓದುಗರು, ಹಾಸನ

ಉತ್ತರ: ಧಾರಾಳವಾಗಿ ಹಚ್ಚಿ. ಮೊದಲು ತಳವನ್ನು ಒತ್ತಿ ನೋಡಿ. ತೂತು ಬೀಳದಿದ್ದರೆ ಬೀರು ಗಟ್ಟಿ. ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆಯಿರಿ. ಹಳೇ ಬಣ್ಣ ಪೂರ್ತಿ ತೆಗೆಯಬೇಕಿಲ್ಲ, ಹೊಳಪು ಹೋದರೆ ಸಾಕು. ಅದರಲ್ಲಿ ಸೀಸ ಇರಬಹುದು. ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಟ್ಟು, ವಾಟರ್ ಪೇಪರ್ (ನೀರಿನಲ್ಲಿ ಬಳಸುವ ಉಜ್ಜುಕಾಗದ) ನೆನೆಸಿ ಉಜ್ಜಿ. ಒಣಗಿದ ಮೇಲೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ. ಹಿಡಿಯ ಸುತ್ತ ಕೈಜಿಡ್ಡು ಕೂತಿರುತ್ತದೆ, ಬಣ್ಣ ಮೊದಲು ಏಳುವುದು ಅಲ್ಲೇ. ತುಕ್ಕಿದ್ದ ಕಡೆ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಪ್ರೈಮರ್) ಬಳಿದು ಒಂದು ದಿನ ಬಿಡಿ. ಆಮೇಲೆ ಎನಾಮಲ್ ಪೇಂಟ್, ತೆಳುವಾಗಿ ಎರಡು ಸಲ. ದಪ್ಪಗೆ ಬಳಿದರೆ ಸೋರುತ್ತದೆ. ಹೊರಮೈಗೆ 1 ಲೀಟರ್ ಸಾಕು. ಬಣ್ಣ ನಿಮ್ಮಿಷ್ಟ. ನನ್ನ ಕೇಳಿದರೆ ಮತ್ತೆ ಅದೇ ಬೂದು ಬೇಡ, ಅದನ್ನು ನೋಡಿ ನೋಡಿ ಸಾಕಾಗಿದೆ ಅಲ್ವಾ?