ಗಂಟಲುಮಾರಿ ಮತ್ತು ಐದನೇ ವರ್ಷದ ಸೂಜಿ

ನಮಸ್ಕಾರ. ನಿಮ್ಮ ಅತ್ತೆಯವರ ಚೊಚ್ಚಲ ಮಗು ಗಂಟಲುಮಾರಿಯಲ್ಲಿ ತೀರಿಕೊಂಡ ವಿಷಯ ಓದಿ ಸಂಕಟವಾಯಿತು. ಆಗ ಡಾಕ್ಟರುಗಳ ಹತ್ತಿರ ಇದಕ್ಕೆ ಏನೂ ಇರಲಿಲ್ಲವಾ, ಈಗ ಎಲ್ಲೂ ಕಾಣದ ಕಾಯಿಲೆಗೆ ಐದು ವರ್ಷದ ಮೊಮ್ಮಗಳಿಗೆ ಮತ್ತೆ ಸೂಜಿ ಯಾಕೆ ಅಂತ ಕೇಳಿದ್ದೀರಿ.

ಗಂಟಲುಮಾರಿ ಅಂದರೆ ಡಿಫ್ತೀರಿಯಾ. ಗಂಟಲಲ್ಲಿ ಬೂದುಬಣ್ಣದ ದಪ್ಪ ಪೊರೆ ಕಟ್ಟುತ್ತದೆ, ಕೀಳಲು ಹೋದರೆ ರಕ್ತ ಬರುತ್ತದೆ. ಅದು ಕೆಳಗಿಳಿದರೆ ಮಗುವಿಗೆ ಉಸಿರುಕಟ್ಟುತ್ತದೆ. 1825ರಲ್ಲಿ ಫ್ರಾನ್ಸಿನ ಡಾಕ್ಟರು ಬ್ರೆತೊನೊ ಕತ್ತು ಕೊಯ್ದು ಶ್ವಾಸನಾಳಕ್ಕೆ ಕೊಳವೆ ಇಟ್ಟು ಒಬ್ಬ ಹುಡುಗಿಯನ್ನು ಉಳಿಸಿದರು. ಅವರ ಶಿಷ್ಯ ತ್ರುಸೋ ಇನ್ನೂರಕ್ಕೂ ಜಾಸ್ತಿ ಮಕ್ಕಳಿಗೆ ಹೀಗೇ ಮಾಡಿದರು. ಬದುಕಿದ್ದು ಕಾಲುಭಾಗ.

ನನ್ನನ್ನು ತುಂಬಾ ತಟ್ಟುವುದು ನ್ಯೂಯಾರ್ಕಿನ ಡಾಕ್ಟರು ಜೋಸೆಫ್ ಓಡ್ವೈಯರ್ ಅವರ ಕೆಲಸ. ಅನಾಥ ಶಿಶುಗಳ ಆಸ್ಪತ್ರೆಯಲ್ಲಿ ಮಕ್ಕಳು ಸಾಲಾಗಿ ಸಾಯುವುದನ್ನು ಕಂಡು, 1880ರ ದಶಕದಲ್ಲಿ ಅವರು ಕತ್ತು ಕೊಯ್ಯದೆ ಬಾಯಿಯಿಂದಲೇ ಇಳಿಸುವ ಪುಟ್ಟ ಲೋಹದ ಕೊಳವೆ ಮಾಡಿದರು. ಒದ್ದಾಡುವ ಮಗುವಿನ ಬಾಯಿ ತೆರೆದು ಹಿಡಿದು, ಎಡಗೈ ಬೆರಳು ಗಂಟಲಿಗೆ ಹಾಕಿ ದಾರಿ ತಡವಿ, ಆ ಬೆರಳಿನ ಪಕ್ಕದಲ್ಲೇ ಕೊಳವೆ ಜಾರಿಸಬೇಕು; ತಪ್ಪಿದರೆ ಎಳೆದುಕೊಳ್ಳಲು ಅದಕ್ಕೊಂದು ದಾರ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಎಲ್ಲ ಬೆರಳ ತುದಿಯ ಅಂದಾಜು.

ಆದರೆ ಉಸಿರಾಡಿದ ಮಕ್ಕಳೂ ಎಷ್ಟೋ ಸಲ ಉಳಿಯಲಿಲ್ಲ. ರೋಗಾಣು ಬಿಡುವ ವಿಷ ರಕ್ತದ ಮೂಲಕ ಹೃದಯಕ್ಕೆ, ನರಗಳಿಗೆ ಹೋಗುತ್ತದೆ. ಇದಕ್ಕೆ ಪ್ರತಿವಿಷದ, ಅಂದರೆ ಆ ವಿಷವನ್ನು ಕೆಲಸ ಮಾಡದಂತೆ ತಡೆಯುವ ಮದ್ದಿನ, ದಾರಿ ತೋರಿಸಿದವರು ವಿಜ್ಞಾನಿಗಳಾದ ಬೆರಿಂಗ್ ಮತ್ತು ಕಿಟಸಾಟೊ, 1890ರಲ್ಲಿ. 1894ರಲ್ಲಿ ಪ್ಯಾರಿಸ್ಸಿನ ಡಾಕ್ಟರು ಎಮಿಲ್ ರೂ ಈ ಪ್ರತಿವಿಷ ಇರುವ ಸೀರಮ್ಮನ್ನು (ರಕ್ತದ ತಿಳಿ ನೀರನ್ನು) ಕುದುರೆ ರಕ್ತದಿಂದ ತೆಗೆದು ಮಕ್ಕಳಿಗೆ ಕೊಟ್ಟರು. ಅವರ ಆಸ್ಪತ್ರೆಯಲ್ಲಿ ಅರ್ಧದಷ್ಟಿದ್ದ ಸಾವು ಕಾಲುಭಾಗಕ್ಕೆ ಇಳಿಯಿತು. ಸೀರಮ್ ಬೇಗ ಕೊಡಬೇಕು; ಅಂಗಕ್ಕೆ ಆಗಲೇ ಅಂಟಿದ ವಿಷವನ್ನು ಅದು ಬಿಡಿಸುವುದಿಲ್ಲ. ನಿಮ್ಮ ಅತ್ತೆಯವರ ಹಳ್ಳಿಗೆ ಅದು ಹೊತ್ತಿಗೆ ಸರಿಯಾಗಿ ಬರುವುದು ಕಷ್ಟವೇ ಇತ್ತು, ಅಲ್ವಾ? ಅದರಲ್ಲಿ ಅವರ ತಪ್ಪೇನೂ ಇಲ್ಲ, ದಯವಿಟ್ಟು ಅವರಿಗೆ ಇದನ್ನು ಹೇಳಿ.

ಇನ್ನು ಸೂಜಿ. 1923ರಲ್ಲಿ ಫ್ರಾನ್ಸಿನ ವಿಜ್ಞಾನಿ ರಾಮೋನ್ ಫಾರ್ಮಲಿನ್ ಎಂಬ ರಾಸಾಯನಿಕ ಮತ್ತು ಶಾಖದಿಂದ ವಿಷದ ಕಸುವು ತೆಗೆದು ಲಸಿಕೆಯಾಗಿಸಿದರು. ಅದರ ರಕ್ಷಣೆ ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಅದಕ್ಕೇ ಐದನೇ ವರ್ಷಕ್ಕೆ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಸೂಜಿ), 10 ಮತ್ತು 16ನೇ ವರ್ಷಕ್ಕೆ ಟಿಡಿ (ಧನುರ್ವಾಯು ಮತ್ತು ಗಂಟಲುಮಾರಿಯ ಸೂಜಿ). ಕಾಯಿಲೆ ನಮ್ಮ ದೇಶದಿಂದ ಹೋಗಿಲ್ಲ. ಈ ಸೂಜಿಗಳನ್ನು ಬಿಟ್ಟ ದೊಡ್ಡ ಮಕ್ಕಳಲ್ಲಿ ಈಗಲೂ ಬರುತ್ತಿದೆ. ಲಸಿಕೆ ಕಾರ್ಡ್ ತೆಗೆದುಕೊಂಡು ಮೊಮ್ಮಗಳನ್ನು ಈ ವಾರವೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

– ಸಂಪಾದಕ