ಸಿನಿಮಾದಲ್ಲಿ ಹದಿಹರೆಯದವರ ಚಿತ್ರಣವನ್ನು ವಿಶ್ಲೇಷಿಸುವುದು ಹೇಗೆ?

ಮಂಗಳೂರಿನ ಕಾಲೇಜೊಂದರ ಪ್ರಾಜೆಕ್ಟ್‌ಗಾಗಿ ನೀವು ಇದನ್ನು ಕೇಳಿದ್ದೀರಿ. ಕಥೆ ಬರೆದು ಪುಟ ತುಂಬಿಸಬೇಡಿ. ಒಂದೇ ಸಿನಿಮಾ ಆರಿಸಿಕೊಂಡು, ಅದರ ಎರಡು ಮೂರು ದೃಶ್ಯಗಳನ್ನು ಮತ್ತೆ ಮತ್ತೆ ನೋಡಿ.

ಮೊದಲು ಕೇಳಬೇಕಾದ್ದು: ತೀರ್ಮಾನ ಯಾರದ್ದು? ರಿಷಬ್ ಶೆಟ್ಟಿ ನಿರ್ದೇಶಿಸಿದ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ನೋಡಿ. ಕನ್ನಡ ಶಾಲೆ ಉಳಿಸಲು ಮಕ್ಕಳು ಓಡಾಡುತ್ತಾರೆ, ಅವರ ತುಂಟತನ, ಸಣ್ಣ ಪ್ರೀತಿ ಎಲ್ಲ ಸೊಗಸಾಗಿ ಬಂದಿದೆ. ಆದರೆ ಕೋರ್ಟಿನಲ್ಲಿ ವಾದಿಸುವುದು ಅನಂತನಾಗ್ ಮಾಡಿದ ಹಿರಿಯರ ಪಾತ್ರ. ಆ ಹೊತ್ತಿಗೆ ಮಕ್ಕಳು ಕೇಳುಗರು. ಸಿನಿಮಾ ನನಗೆ ತುಂಬಾ ಇಷ್ಟ, ಆದರೂ ಇದನ್ನು ಗಮನಿಸಲೇಬೇಕು ಅಲ್ವಾ?

ಆಮೇಲೆ ಕ್ಯಾಮೆರಾ. ಅದು ಹುಡುಗಿಯನ್ನು ಹುಡುಗನ ಕಣ್ಣಿನಿಂದಷ್ಟೇ ನೋಡುತ್ತದೆಯೇ? ಅವಳು ಒಬ್ಬಳೇ ಇರುವ ದೃಶ್ಯ ಒಂದಾದರೂ ಇದೆಯೇ? ಪಾತ್ರಕ್ಕೆ 16 ವರ್ಷ, ನಟನಿಗೆ 25 ಆಗಿದ್ದರೆ ಅದನ್ನೂ ಬರೆಯಿರಿ. ಹಿನ್ನೆಲೆ ಸಂಗೀತ, ಬಟ್ಟೆ ಬಗ್ಗೆ ಒಂದೆರಡು ಸಾಲು ಸಾಕು.

ನಮ್ಮ ಕಡೆಯವರು ಭಾಷೆಯನ್ನು ಬಿಡಲೇಬಾರದು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸಂಜೆ ಸುಮ್ನೆ ನಿಂತು ಕೇಳಿ. ಒಂದೇ ಗುಂಪಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಕೇಳಿಸುತ್ತವೆ. ಸಿನಿಮಾಗಳಲ್ಲಿ ಮಂಗಳೂರು ಕನ್ನಡ ಜಾಸ್ತಿ ಬರುವುದು ನಗಿಸೋಕೆ. ನೀವು ಆರಿಸಿದ ಸಿನಿಮಾದಲ್ಲಿ ಕರಾವಳಿಯ ಹುಡುಗ ಅದೇ ಕನ್ನಡದಲ್ಲಿ ಅಳುತ್ತಾನೆಯೇ, ಜಗಳವಾಡುತ್ತಾನೆಯೇ ನೋಡಿ. ಪ್ರಾಜೆಕ್ಟ್‌ನ ಅರ್ಧ ಭಾಗವನ್ನು ಇದಕ್ಕೇ ಕೊಟ್ಟರೂ ತಪ್ಪಿಲ್ಲ.